ಗೃಹಾರೋಗ್ಯ: ಶಸ್ತ್ರಚಿಕಿತ್ಸೆಯೂ ಚಿತ್ತವಿಭ್ರಮವೂ

ಸೋದರಿಯೊಬ್ಬರು ಬರೆದ ಕಾಗದವು ನಮ್ಮ ಮುಂದಿರುವುದು. ಅವರ ತಂದೆಯವರಿಗೆ 76 ವರ್ಷ. ಮುಂಬರುವ ತಿಂಗಳುಗಳಲ್ಲಿ ಮೊಣಕಾಲಿನ ಕೀಲನ್ನು ಬದಲಿಸುವ ಶಸ್ತ್ರಚಿಕಿತ್ಸೆಯಾಗತಕ್ಕದ್ದಿದೆ. ಪರಿಚಿತ ವೃದ್ಧರೊಬ್ಬರು ಇಂತಹುದೇ ಚಿಕಿತ್ಸೆಯ ಮರುದಿನ ಮಡದಿಯ ಗುರುತನ್ನೇ ಹಿಡಿಯದೆ ಹೋದುದನ್ನು ಕಂಡು ಇವರು ಭಯಗೊಂಡಿರುವರು. ಅಕ್ಯುಪಂಕ್ಚರ್ ಎಂಬ ಸೂಜಿಚಿಕಿತ್ಸೆಯಿಂದ ಅದನ್ನು ತಡೆಯಬಹುದೆಂದು ಕೇಳಿದೆ, ನಿಜವೇ? ಎಂಬುದು ಅವರ ಪ್ರಶ್ನೆ.

ಈ ವಿಭ್ರಮವನ್ನು ವೈದ್ಯರು ಡೆಲಿರಿಯಂ ಎನ್ನುವರು. ಇದು ಹುಚ್ಚಲ್ಲ, ಮುಪ್ಪಿನ ಮರೆವಿನ ರೋಗವೂ ಅಲ್ಲ. ಸಾಮಾನ್ಯವಾಗಿ ಚಿಕಿತ್ಸೆಯಾದ ಎರಡು ಮೂರು ದಿನಗಳೊಳಗೆ ತಟಕ್ಕನೆ ತೋರಿ, ಹಗಲು ಇಳಿದು ರಾತ್ರಿ ಏರುತ್ತಿರುವುದು. ನೋವು, ನಿದ್ರಾಭಂಗ, ನೀರಿನ ಕೊರತೆ, ಮೂತ್ರ ಕಟ್ಟುವುದು, ಸೋಂಕು, ಕೆಲವು ನಿದ್ರೆಯ ಮಾತ್ರೆಗಳು, ಇವೆಲ್ಲ ಇದಕ್ಕೆ ಕಾರಣಗಳು. ಕೆಲವರು ಕೂಗಾಡಿ ನಳಿಕೆಗಳನ್ನು ಕಿತ್ತೆಸೆಯುವರು. ಇನ್ನು ಕೆಲವರು ಮಾತಿಲ್ಲದೆ, ಊಟ ಕೇಳದೆ, ಮಂಕಾಗಿ ಮಲಗಿರುವರು. 'ಪಾಪ, ಆಯಾಸ, ಮಲಗಲಿ' ಎಂದು ಮನೆಯವರು ಸುಮ್ಮನಾಗಿಬಿಡುವುದು ಇಲ್ಲಿಯೇ. ಬಹುಮಂದಿ ಚೇತರಿಸಿಕೊಳ್ಳುವರಾದರೂ ಕೆಲವರಿಗೆ ಹಿಂದಿನ ಬುದ್ಧಿಯ ಚುರುಕು ಪೂರ್ಣವಾಗಿ ಮರಳದು.

ಇನ್ನು ಸೂಜಿಯ ವಿಚಾರ. 1971ರಲ್ಲಿ ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್ ಪೀಕಿಂಗಿನಲ್ಲಿ ಅಪೆಂಡಿಕ್ಸಿನ ಶಸ್ತ್ರಚಿಕಿತ್ಸೆಗೊಳಗಾಗಿ, ಅನಂತರದ ಹೊಟ್ಟೆಯ ಬಾಧೆಗೆ ಸೂಜಿ ಚುಚ್ಚಿಸಿಕೊಂಡುದನ್ನು ಬರೆದ ಮೇಲೆ ಪಾಶ್ಚಾತ್ಯರ ಕುತೂಹಲ ಕೆರಳಿತು. ಶಸ್ತ್ರಚಿಕಿತ್ಸೆಯ ನಂತರದ ವಾಂತಿಗೆ ಇದು ಫಲಕಾರಿಯೆಂದು 1997ರಲ್ಲಿ ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆಯು ನೇಮಿಸಿದ ತಜ್ಞರ ಮಂಡಲಿಯೂ ಒಪ್ಪಿತು. ಚಿತ್ತವಿಭ್ರಮದ ಬಗೆಗಿನ ಪರೀಕ್ಷೆಗಳಾದರೋ ಬಹುಪಾಲು ಚೀನಾದಲ್ಲಿ ನಡೆದವು. ನೆತ್ತಿ, ಹುಬ್ಬುಗಳ ನಡು, ಮಣಿಕಟ್ಟಿನ ಒಳಮಗ್ಗುಲು ಮುಂತಾದ ಸ್ಥಾನಗಳಲ್ಲಿ ಸಣ್ಣ ಸೂಜಿಗಳನ್ನಿಟ್ಟು, ಕೆಲವೊಮ್ಮೆ ಮಂದವಾದ ವಿದ್ಯುತ್ತನ್ನೂ ಹರಿಸುವರು. ಹೀಗೆ ಮಾಡಿಸಿಕೊಂಡವರಲ್ಲಿ ವಿಭ್ರಮವು ಕಡಿಮೆಯೆಂದು ಹಲವು ವರದಿಗಳು ಹೇಳುವುವು. ಆದರೆ ಅವುಗಳಲ್ಲಿ ಅನೇಕವು ಸಣ್ಣ ಪರೀಕ್ಷೆಗಳು. ಮೇಲಾಗಿ ಚುಚ್ಚುವವನಿಗೆ ತಾನು ಯಾರಿಗೆ ನಿಜವಾದ ಸೂಜಿ ಚುಚ್ಚಿದೆನೆಂಬುದು ತಿಳಿದೇ ಇರುವುದು. ಆದುದರಿಂದ ಇದನ್ನು ತಳ್ಳಿಹಾಕಲೂ ಬೇಡ, ನೆಚ್ಚಿ ಕೂರಲೂ ಬೇಡವೆಂಬುದು ನಮ್ಮ ಅಭಿಪ್ರಾಯ. ಮಾಡಿಸುವುದಾದರೆ ಶಸ್ತ್ರವೈದ್ಯರಿಗೂ ಅರಿವಳಿಕೆಯ ವೈದ್ಯರಿಗೂ ತಿಳಿಸಿಯೇ ಮಾಡಿಸತಕ್ಕದ್ದು. ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರೂ ಎದೆಯಲ್ಲಿ ಪೇಸ್‌ಮೇಕರ್ ಇರುವವರೂ ವಿಶೇಷವಾಗಿ ಎಚ್ಚರದಿಂದಿರಬೇಕು.

ಇದಕ್ಕಿಂತ ಗಟ್ಟಿಯಾದ ಆಧಾರವುಳ್ಳ ಉಪಾಯಗಳು ನಿಮ್ಮ ಕೈಯಲ್ಲೇ ಇವೆ. ಯೇಲ್ ವಿಶ್ವವಿದ್ಯಾಲಯದ ಶ್ಯಾರನ್ ಇನೌಯಿ ಮತ್ತು ಸಂಗಡಿಗರು 70 ದಾಟಿದ 852 ಒಳರೋಗಿಗಳನ್ನು ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದರು. ದಿನ, ಸ್ಥಳಗಳನ್ನು ನೆನಪಿಸುವುದು, ರಾತ್ರಿ ನಿದ್ರೆಗೆಡಿಸದಿರುವುದು, ಬೇಗನೆ ನಡೆದಾಡಿಸುವುದು, ನೀರು ಕುಡಿಸುವುದು, ಕನ್ನಡಕವನ್ನೂ ಕಿವಿಯ ಯಂತ್ರವನ್ನೂ ಒದಗಿಸುವುದು, ಇಷ್ಟರಿಂದಲೇ ವಿಭ್ರಮಕ್ಕೊಳಗಾದವರು ನೂರಕ್ಕೆ 15ರಿಂದ 10ರಷ್ಟಕ್ಕೆ ಇಳಿದರು. ಅವರು ಶಸ್ತ್ರಚಿಕಿತ್ಸೆಯ ರೋಗಿಗಳಲ್ಲ. ಆದರೂ ಶಸ್ತ್ರಚಿಕಿತ್ಸೆಯಾದ ವೃದ್ಧರಿಗೂ ಇಂದು ಇದೇ ಕ್ರಮವನ್ನು ವಿಧಿಸುವರು.

ನಮ್ಮ ನೆರೆಯ ಯಜಮಾನರೊಬ್ಬರು ಸೊಂಟದ ಮೂಳೆ ಮುರಿದು ಆಸ್ಪತ್ರೆ ಸೇರಿದಾಗ ಎರಡು ರಾತ್ರಿ ಬಿಡದೆ 'ಹಸು ಕಟ್ಟಿದಿರಾ?' ಎಂದು ಕೇಳುತ್ತಿದ್ದರು. ಹಸು ಮಾರಿ ಇಪ್ಪತ್ತು ವರ್ಷವಾಗಿತ್ತು. ಅವರ ಕನ್ನಡಕ, ಕಿವಿಯ ಯಂತ್ರ ಎರಡೂ, ಕಳೆದುಹೋದಾವೆಂಬ ಭಯದಿಂದ, ಮನೆಯ ಬೀರುವಿನಲ್ಲಿ ಭದ್ರವಾಗಿದ್ದುವು! ತಂದು ಹಾಕಿದ ಸಂಜೆ ಮೊಮ್ಮಗನ ಗುರುತು ಹಿಡಿದರು. ಕನ್ನಡಕದಿಂದಲೇ ಗುಣವಾಯಿತೆನ್ನಲಾರೆವು, ಮೂತ್ರದ ಸೋಂಕಿಗೆ ಔಷಧವೂ ನಡೆದಿತ್ತು.

ಸೋದರಿ, ತಂದೆಯವರು ಸೇವಿಸುವ ಮಾತ್ರೆಗಳೆಲ್ಲವನ್ನೂ ವೈದ್ಯರಿಗೆ ಮೊದಲೇ ತೋರಿಸಿರಿ. ನಿದ್ರೆಯ ಮಾತ್ರೆಯಿದ್ದಲ್ಲಿ ನೀವಾಗಿಯೇ ನಿಲ್ಲಿಸಬೇಡಿರಿ. ಮದ್ಯಪಾನದ ಅಭ್ಯಾಸವಿದ್ದಲ್ಲಿ ಸಂಕೋಚದಿಂದ ಮರೆಮಾಚಬೇಡಿರಿ. ರಾತ್ರಿ ಮನೆಯವರೊಬ್ಬರು ಬಳಿಯಲ್ಲಿರಲಿ. ಅಸಂಬದ್ಧವಾಗಿ ನುಡಿದರೆ ವಾದಿಸದೆ ಮೆಲ್ಲನೆ ತಾವಾರೆಂದು ಹೇಳಿ ಕೂಡಲೇ ದಾದಿಯರಿಗೆ ತಿಳಿಸಲಿ. ಕನ್ನಡಕದ ಡಬ್ಬಿಯ ಮೇಲೆ ಹೆಸರು ಬರೆದು ಜೊತೆಯಲ್ಲೇ ಕಳುಹಿಸಿರಿ.