ಕಾರ್ಡಿಗೆ ಬೆಲೆ ಬರುವುದು ಯಾವಾಗ?

ನಮ್ಮ ಕರಜಗಿಯಂಥ ಹಳ್ಳಿಗಳ ಶಾಲೆಗೂ ಕಾರ್ಡುಗಳ ಹುಚ್ಚು ಬಂದು ಬಹಳ ವರ್ಷಗಳಾದವು. ಮೊದಲು ಕಡ್ಡಿಪೆಟ್ಟಿಗೆಯ ಛಾಪ, ಆಮೇಲೆ ಬಬಲ್‌ಗಮ್ ಜೊತೆಗಿನ ಕ್ರಿಕೆಟ್ ಚಿತ್ರ, ಆಮೇಲೆ ಕುಸ್ತಿಪಟುಗಳ ಟ್ರಂಪ್ ಕಾರ್ಡು, ಪೋಕೆಮಾನ್... ಈಗ "ಒಂದು ಕಾರ್ಡಿಗೆ ಕೋಟಿ ರೂಪಾಯಿ" ಎಂಬ ವಿಡಿಯೋವನ್ನು ಮೊಬೈಲಿನಲ್ಲಿ ನೋಡಿದ ಹುಡುಗರು "ಸರ್, ಇದನ್ನ ಇಟ್ಟುಕೊಂಡ್ರ ಮುಂದ ರೇಟ್ ಬರ್ತದೇನ್ರಿ?" ಎಂದು ಕೇಳುತ್ತಾರೆ. ಪಾಲಕರು ಬೈಯುತ್ತಾರೆ, ನಾವು ಗುರುಗಳು ಕಸಿದುಕೊಳ್ಳುತ್ತೇವೆ. ಉತ್ತರ ಮಾತ್ರ ಯಾರೂ ಕೊಡುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಇದು ಒಳ್ಳೆಯ ಪ್ರಶ್ನೆ, ಉತ್ತರ ಕೊಡಲೇಬೇಕು.

ಕೋಟಿಯ ಮಾತು ಸುಳ್ಳಲ್ಲ. ಅಮೆರಿಕದಲ್ಲಿ ಟಾಪ್ಸ್ ಎಂಬ ಕಂಪನಿ 1952 ರಲ್ಲಿ ಬೇಸ್‌ಬಾಲ್ ಆಟಗಾರರ ಕಾರ್ಡು ತಂದಿತು. ಅದರಲ್ಲಿದ್ದ ಮಿಕಿ ಮ್ಯಾಂಟಲ್ ಎಂಬ ಆಟಗಾರನ ಒಂದು ಕಾರ್ಡು 2022 ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು. ಯಾಕೆ? ಆ ಮಾಲಿಕೆಯ ಕೊನೆಯ ಕಾರ್ಡುಗಳು ಹಂಗಾಮು ಮುಗಿಯುವ ಹೊತ್ತಿಗೆ ಅಂಗಡಿಗೆ ಬಂದವು, ಖರ್ಚಾಗಲಿಲ್ಲ. ಉಳಿದ ಪೆಟ್ಟಿಗೆಗಳನ್ನು 1960 ರಲ್ಲಿ ದೋಣಿಗೆ ಹೇರಿ ಸಮುದ್ರಕ್ಕೆ ಸುರಿದೆವು ಎಂದು ಕಂಪನಿಯ ಸೈ ಬರ್ಗರ್ ಅವರೇ ಹೇಳಿಕೊಂಡಿದ್ದರು. ಮಾರಾಟವಾದವುಗಳನ್ನು ಹುಡುಗರು ಆಡಿ ಹರಿದರು, ತಾಯಂದಿರು ಕಸದಲ್ಲಿ ಹಾಕಿದರು. ಆದ್ದರಿಂದಲೇ ಮೂಲೆ ಮುರಿಯದೆ, ಬಣ್ಣ ಮಾಸದೆ ಉಳಿದ ಕಾರ್ಡಿಗೆ ಆ ಬೆಲೆ ಬಂತು. ಅದರ ಸ್ಥಿತಿಗೆ ಪರೀಕ್ಷಕರು 10 ಕ್ಕೆ 9.5 ಅಂಕ ಕೊಟ್ಟಿದ್ದರು!

ಇದನ್ನು ಕಂಡ ಜನ 1980 ರ ದಶಕದ ಕೊನೆಯಲ್ಲಿ ಹೊಸ ಕಾರ್ಡುಗಳನ್ನು ಪೆಟ್ಟಿಗೆಗಟ್ಟಲೆ ಕೊಂಡು ಜೋಪಾನ ಮಾಡಿಟ್ಟರು. ಕಂಪನಿಗಳೂ ಲೆಕ್ಕವಿಲ್ಲದಷ್ಟು ಮುದ್ರಿಸಿದವು. ಪರಿಣಾಮವೇನು? ಎಲ್ಲರೂ ಜೋಪಾನ ಮಾಡಿದ್ದರಿಂದ ಅವು ಯಾವಾಗಲೂ ಅಪರೂಪ ಆಗಲೇ ಇಲ್ಲ. ಆ ಕಾಲದ ಬಹುತೇಕ ಕಾರ್ಡುಗಳಿಗೆ ಇಂದಿಗೂ ಕೇಳುವವರಿಲ್ಲ. ಪಾಕೀಟಿನ ಮೇಲೆ "ಅಪರೂಪ" ಎಂದು ಅಚ್ಚು ಹಾಕಿ ಮಾರುವುದನ್ನೆಲ್ಲ ನಂಬುವ ಮಕ್ಕಳಿಗೆ ಈ ಕಥೆ ಹೇಳಬೇಕು.

ನಮ್ಮ ದೇಶದ ಉದಾಹರಣೆ ಬೇಕೆಂದರೆ ಅಂಚೆಚೀಟಿ ಇದೆ. ಸ್ವಾತಂತ್ರ್ಯದ ಮೊದಲ ವರ್ಷ ತುಂಬಿದಾಗ, 1948 ರ ಆಗಸ್ಟ್ 15 ರಂದು, ಗಾಂಧೀಜಿಯವರ ಚಿತ್ರದ ನಾಲ್ಕು ಚೀಟಿಗಳು ಹೊರಬಂದವು. 10 ರೂಪಾಯಿಯ ಚೀಟಿ ಅವುಗಳಲ್ಲಿ ದೊಡ್ಡದು. ಗವರ್ನರ್ ಜನರಲ್ ಕಚೇರಿಯ ಬಳಕೆಗೆಂದು ಕೆಲವೇ ಚೀಟಿಗಳ ಮೇಲೆ 'ಸರ್ವಿಸ್' ಎಂಬ ಒಂದು ಪದ ಒತ್ತಲಾಯಿತು. ಅಂಥ ನಾಲ್ಕು ಚೀಟಿಗಳ ಒಂದು ಪಟ್ಟಿ 2017 ರಲ್ಲಿ 5 ಲಕ್ಷ ಪೌಂಡಿಗೆ ಮಾರಾಟವಾಯಿತು. ಕಾಗದ ಅದೇ, ಚಿತ್ರ ಅದೇ, ಆ ಒಂದು ಪದವಿಲ್ಲದ ಚೀಟಿಗೆ ಇದರ ಹತ್ತಿರಕ್ಕೂ ಬೆಲೆಯಿಲ್ಲ.

ಇನ್ನು ಮೈಸೂರಿನ ಗಂಜೀಫಾ. ಮುಮ್ಮಡಿ ಕೃಷ್ಣರಾಜ ಒಡೆಯರು ಈ ಎಲೆಯಾಟಗಳನ್ನು ಬೆಳೆಸಿ 'ಶ್ರೀತತ್ತ್ವನಿಧಿ'ಯ ಕೌತುಕನಿಧಿ ಭಾಗದಲ್ಲಿ ವಿವರಿಸಿದ್ದಾರೆ. ಕೈಯಿಂದ ಬಣ್ಣ ಬರೆದ ದಶಾವತಾರ ಗಂಜೀಫಾದಲ್ಲಿ ಸಾಮಾನ್ಯವಾಗಿ 120 ಎಲೆಗಳು. ಒಂದು ಎಲೆ ಕಳೆದರೂ ಆಟವಿಲ್ಲ. ಹೀಗಾಗಿ ಬಿಡಿ ಎಲೆಗಿಂತ ಪೂರ್ತಿ ಕಟ್ಟಿಗೆ ಬೆಲೆ ಹೆಚ್ಚು.

ಹಾಗಾದರೆ ಬೆಲೆಗೆ ಬೇಕಾದವು ನಾಲ್ಕು: ಕಡಿಮೆ ಉಳಿದಿರಬೇಕು, ಚೆನ್ನಾಗಿ ಉಳಿದಿರಬೇಕು, ಅಸಲಿ ಎಂದು ಗೊತ್ತಾಗಬೇಕು, ಮತ್ತು ಬೇಕು ಎನ್ನುವವರು ಇರಬೇಕು. ನಾಲ್ಕನೆಯದನ್ನು ಜನ ಮರೆಯುತ್ತಾರೆ. ಪೋಕೆಮಾನ್ ಕಾರ್ಡು ಜಪಾನಿನಲ್ಲಿ 1996 ರಲ್ಲಿ ಹುಟ್ಟಿತು. ಅಂದು ಅದನ್ನು ಆಡಿದ ಮಕ್ಕಳು ದೊಡ್ಡವರಾಗಿ ಗಳಿಸತೊಡಗಿದರು, ತಮ್ಮ ಬಾಲ್ಯವನ್ನು ಮರಳಿ ಕೊಳ್ಳಲು ಹೊರಟರು. ಚಿತ್ರ ಬರೆಯುವ ಸ್ಪರ್ಧೆಯಲ್ಲಿ ಗೆದ್ದವರಿಗಷ್ಟೇ ಕೊಟ್ಟಿದ್ದ ಒಂದು ಪಿಕಾಚು ಕಾರ್ಡು 2021 ರಲ್ಲಿ 52 ಲಕ್ಷ 75 ಸಾವಿರ ಡಾಲರಿಗೆ ಹೋಯಿತು.

ಮಕ್ಕಳಿಂದ ಒಂದು ಲೆಕ್ಕವನ್ನೂ ಮಾಡಿಸಬೇಕು. ಒಟ್ಟು 50 ಬಗೆಯ ಕಾರ್ಡು, ಪಾಕೀಟಿಗೆ ಒಂದು, ಎಲ್ಲವೂ ಸಮನಾಗಿ ಹಂಚಿವೆ ಎನ್ನಿ. 50 ಪಾಕೀಟು ಕೊಂಡರೆ 50 ಬಗೆ ಸಿಗುವುದಿಲ್ಲ, ಬಂದದ್ದೇ ಬರುತ್ತದೆ! ಪೂರ್ತಿ ಮಾಡಲು ಸರಾಸರಿ 225 ಪಾಕೀಟು ಬೇಕು. ಕೊನೆಯ ಒಂದು ಕಾರ್ಡಿಗಾಗಿಯೇ ಸರಾಸರಿ 50 ಪಾಕೀಟು. ಪಾಕೀಟಿಗೆ 10 ರೂಪಾಯಿ ಹಿಡಿದರೆ 2,250 ರೂಪಾಯಿ ಆಯಿತು. ಜತ್ತದಂಥ ಬರಗಾಲದ ತಾಲೂಕಿನಲ್ಲಿ ಕೂಲಿ ಮಾಡುವ ತಂದೆಗೆ ಅದು ಎಷ್ಟು ದಿನದ ದುಡಿಮೆ? ಇದನ್ನು ಬೈದು ಹೇಳಿದರೆ ಮಕ್ಕಳು ಕೇಳುವುದಿಲ್ಲ. ಡಬ್ಬಿಯಲ್ಲಿ ಹತ್ತು ಚೀಟಿ ಹಾಕಿ, ಒಂದೊಂದೇ ಎತ್ತಿಸಿ, ಮತ್ತೆ ಒಳಗೆ ಹಾಕಿಸಿರಿ. ಹತ್ತೂ ಬರಲು ಸರಾಸರಿ 29 ಸಲ ಎತ್ತಬೇಕಾಗುತ್ತದೆ. ಅವರೇ ತಿಳಿದುಕೊಳ್ಳುತ್ತಾರೆ. ಹೆಚ್ಚಾದ ಕಾರ್ಡುಗಳನ್ನು ಒಬ್ಬರಿಗೊಬ್ಬರು ಬದಲಿಸಿಕೊಂಡರೆ ಖರ್ಚು ಎಷ್ಟೋ ಇಳಿಯುತ್ತದೆ ಎಂಬುದೂ ಆಗ ಅವರಿಗೇ ಹೊಳೆಯುತ್ತದೆ.

ಈ ಮಾತು ನಮ್ಮ ಕನ್ನಡ ಶಾಲೆಗಳಿಗೂ ಸಂಬಂಧಿಸಿದೆ. 1967 ರಲ್ಲಿ ಸ್ಥಾಪನೆಯಾದ ಬಾಲಭಾರತಿ ಎಂಟು ಭಾಷೆಗಳಲ್ಲಿ ಪಠ್ಯಪುಸ್ತಕ ತರುತ್ತದೆ, ಅದರಲ್ಲಿ ಕನ್ನಡವೂ ಒಂದು. ಜತ್ತ, ಅಕ್ಕಲಕೋಟ, ದಕ್ಷಿಣ ಸೋಲಾಪುರದಂಥ ಕಡೆ ಓದುವ ಮಕ್ಕಳಿಗಾಗಿ ಅಚ್ಚಾಗುವ ಈ ಪುಸ್ತಕ ಮರಾಠಿಯ ಮುಂದೆ ಎಷ್ಟೋ ಕಡಿಮೆ ಸಂಖ್ಯೆಯದು. ಪಠ್ಯಕ್ರಮ ಬದಲಾದ ಕೂಡಲೇ ಹಳೆಯದು ರದ್ದಿಗೆ ಹೋಗುತ್ತದೆ. ನಮ್ಮ ಅಪ್ಪಂದಿರು ಓದಿದ ಇಯತ್ತೆ ಮೂರರ ಕನ್ನಡ ಪುಸ್ತಕ ಎಷ್ಟು ಮನೆಗಳಲ್ಲಿದೆ, ಹುಡುಕಿ ನೋಡಿರಿ!

ಪ್ರತಿ ಕನ್ನಡ ಶಾಲೆಯಲ್ಲಿ ಒಂದು ಟ್ರಂಕು ಇರಲಿ ಎಂಬುದು ನಮ್ಮ ಸಲಹೆ. ಬದಲಾದ ಪ್ರತಿ ಪುಸ್ತಕದ ಒಂದು ಪ್ರತಿ, ಸ್ನೇಹ ಸಮ್ಮೇಳನದ ಆಮಂತ್ರಣ ಪತ್ರಿಕೆ, ಹಿಂದೆ ಪೆನ್ಸಿಲಿನಿಂದ ಹೆಸರು ಬರೆದ ಮಕ್ಕಳ ಗುಂಪು ಫೋಟೋ ಅದರಲ್ಲಿ ಸೇರಲಿ. ಮಕ್ಕಳೇ ಪಟ್ಟಿ ಮಾಡಲಿ. ಕಾರ್ಡು ಜೋಡಿಸುವ ಹುಡುಗನಷ್ಟು ಚೆನ್ನಾಗಿ ಈ ಕೆಲಸ ಯಾರೂ ಮಾಡಲಾರರು.

ಇದರಿಂದ ಹಣ ಬರುತ್ತದೆ ಎಂದು ನಾವು ಹೇಳುವುದಿಲ್ಲ. ಆದರೆ ಆ ನಾಲ್ಕನೆಯ ಮಾತು ಇಲ್ಲಿಯೂ ನಿಜ. ಗಡಿಯಾಚೆ ಕನ್ನಡ ಮಾಧ್ಯಮಕ್ಕೆ ಮಕ್ಕಳನ್ನು ಕಳಿಸುವವರು ಕಡಿಮೆಯಾದರೆ ನಮ್ಮ ಪುಸ್ತಕ ತಾನಾಗಿಯೇ ಅಪರೂಪವಾದೀತು. ಆದರೆ ಅದು ಬೇಕು ಎನ್ನುವವರೇ ಉಳಿಯದಿದ್ದರೆ ಆ ಅಪರೂಪಕ್ಕೆ ಏನು ಬೆಲೆ? ಈ ಜೂನಿನಲ್ಲಿ ದಾಖಲಾತಿಗೆ ಮನೆಮನೆಗೆ ಹೋಗುವಾಗ ಪಾಲಕರ ಮುಂದೆ ಈ ಮಾತನ್ನೂ ಇಡೋಣ.