ಹ್ಯಾಮ್ ರೇಡಿಯೋಗೆ ಬೀಗ ಬೇಡ, ರುಜು ಬೇಕು

ಹ್ಯಾಮ್ ರೇಡಿಯೋದಲ್ಲಿ ಗುಟ್ಟಿನ ಮಾತಿಗೆ ಜಾಗವಿಲ್ಲ. ಎರಡು ದೇಶಗಳ ಹವ್ಯಾಸಿ ಕೇಂದ್ರಗಳು ಅರ್ಥ ಮರೆಮಾಚುವ ಸಂಕೇತದಲ್ಲಿ ಮಾತಾಡಬಾರದೆಂದು ಅಂತಾರಾಷ್ಟ್ರೀಯ ರೇಡಿಯೋ ನಿಯಮಾವಳಿಯೇ ಹೇಳುತ್ತದೆ. ಹವ್ಯಾಸಿ ಉಪಗ್ರಹಗಳಿಗೆ ಭೂಕೇಂದ್ರದಿಂದ ಕಳಿಸುವ ನಿಯಂತ್ರಣ ಆಜ್ಞೆಗಳಿಗೆ ಮಾತ್ರ ವಿನಾಯಿತಿ. ಮೊಬೈಲಿನ ಸಂದೇಶಕ್ಕೇ ಬೀಗವಿರುವಾಗ ಇದಕ್ಕೇಕೆ ಇಲ್ಲ ಎಂದು ದೊಡ್ಡ ತರಗತಿಯ ಮಕ್ಕಳು ಕೇಳುವುದು ಸಹಜ. ನಮ್ಮ ಮಟ್ಟಿಗೆ ಈ ನಿಯಮ ಸರಿಯಾಗಿಯೇ ಇದೆ. ಈ ತರಂಗಗಳನ್ನು ಬಿಟ್ಟುಕೊಟ್ಟಿರುವುದು ಕಲಿಯಲಿಕ್ಕೆ. ಬೀಗ ಹಾಕಿದ ಮಾತನ್ನು ಕೇಳಿ ಪಕ್ಕದ ಊರಿನ ಹವ್ಯಾಸಿ ಏನು ಕಲಿತಾನು? ಅದರೊಳಗೆ ಹವ್ಯಾಸವಿದೆಯೋ ವ್ಯಾಪಾರವಿದೆಯೋ ಎಂದು ಹೇಗೆ ತಿಳಿದಾನು?

ಆದರೆ ಗುಟ್ಟು ಬೇರೆ, ಗುರುತು ಬೇರೆ. ಗುಡ್ಡದ ಮೇಲಿನ ರಿಪೀಟರನ್ನು ನಿಲ್ಲಿಸುವ ಆಜ್ಞೆ ಯಾರಿಂದ ಬಂತೆಂದು ಆ ಯಂತ್ರಕ್ಕೆ ತಿಳಿಯಬೇಡವೇ? ಆಜ್ಞೆ ಎಲ್ಲರಿಗೂ ಕೇಳಲಿ, ಕೊನೆಗೆ ಒಂದು ರುಜು ಇರಲಿ. ಕೀಲಿಯನ್ನೂ ಆಜ್ಞೆಯನ್ನೂ ಸೇರಿಸಿ ಎಚ್‌ಮ್ಯಾಕ್ ಎಂಬ ಕ್ರಮದಲ್ಲಿ ಲೆಕ್ಕ ಹಾಕಿದರೆ ಆ ರುಜು ಸಿಗುತ್ತದೆ. ಅದು ಅರ್ಥವನ್ನು ಮುಚ್ಚುವುದಿಲ್ಲ. ಪ್ಯಾಕೆಟ್ಟಿನ ಕೊನೆಯ ಸಿಆರ್‌ಸಿ ಇದೆಯಲ್ಲ ಎನ್ನುವವರಿದ್ದಾರೆ. ಸಿಆರ್‌ಸಿ ದಾರಿಯಲ್ಲಿ ಕೆಟ್ಟ ಬಿಟ್ಟನ್ನು ಹಿಡಿಯುತ್ತದೆ, ಕಳ್ಳನನ್ನು ಹಿಡಿಯುವುದಿಲ್ಲ. ಅದನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು.

ರುಜು ಒಂದೇ ಸಾಲದು. ನಿನ್ನೆಯ ಆಜ್ಞೆಯನ್ನು ರೆಕಾರ್ಡ್ ಮಾಡಿಕೊಂಡವನು ಇಂದು ಅದನ್ನೇ ಮತ್ತೆ ಬಿಟ್ಟರೆ ರುಜು ಸರಿಯಾಗಿಯೇ ಇರುತ್ತದೆ. ಆದ್ದರಿಂದ ಪ್ರತಿ ಆಜ್ಞೆಗೂ ಏರುವ ಸಂಖ್ಯೆಯೊಂದು ಬೇಕು. ಹೊಂಡ ಇರುವುದು ಇಲ್ಲಿ. ಸಂಖ್ಯೆಯನ್ನು ರ‍್ಯಾಮಿನಲ್ಲಿ ಮಾತ್ರ ಇಟ್ಟರೆ ಕರೆಂಟು ಹೋದಾಗ ಅದು ಸೊನ್ನೆಗೆ ಇಳಿಯುತ್ತದೆ, ಹಳೆಯ ಆಜ್ಞೆಗಳಿಗೆಲ್ಲ ಜೀವ ಬರುತ್ತದೆ. ನಮ್ಮ ಮಳೆಗಾಲದ ಕರೆಂಟಿನ ಬಗ್ಗೆ ಹೇಳಬೇಕಾಗಿಲ್ಲ! ಆರ್ಡುಯಿನೋ ಯುನೋದಲ್ಲಿ ಚಿಹ್ನೆಯಿಲ್ಲದ ಇಂಟ್ 16 ಬಿಟ್ಟಿನದು. 65,535 ಆದ ಮೇಲೆ ಮತ್ತೆ ಸೊನ್ನೆ. ಗಣಿತ ಸರಿ, ಕೀಲಿ ಸರಿ, ಬಾಗಿಲು ಮಾತ್ರ ತೆರೆದಿದೆ.

ಕನ್ನಡದವರಿಗೆ ಇನ್ನೂ ಒಂದು ಹೊಂಡವಿದೆ. 'ಕಾಸರಗೋಡು' ಕಣ್ಣಿಗೆ ಐದಕ್ಷರ. ಯುಟಿಎಫ್-8ರಲ್ಲಿ ಕೊಂಬು, ಇಳಿಗಳೂ ಸೇರಿ ಪ್ರತಿ ಚಿಹ್ನೆಗೂ 3 ಬೈಟ್. ಈ ಹೆಸರಿಗೆ 24 ಬೈಟ್ ಬೇಕು. ಸಿ ಭಾಷೆಯ ಕೊನೆಯ ಸೊನ್ನೆ ಸೇರಿದರೆ 25. ಇಂಗ್ಲಿಷಿನ ಒಂಬತ್ತಕ್ಷರವನ್ನು ನೆನೆದು 16 ಬೈಟ್ ಜಾಗ ಕಾದಿರಿಸಿ ಅಳತೆ ನೋಡದೆ ನಕಲು ಮಾಡಿದರೆ, ಉಳಿದದ್ದು ಪಕ್ಕದ ನೆನಪಿನ ಮೇಲೆ ಹೋಗಿ ಕೂರುತ್ತದೆ. ಪಕ್ಕದಲ್ಲಿ ಕೀಲಿಯೇ ಇರಬಹುದು. ಇದಕ್ಕಿಂತ ಸೂಕ್ಷ್ಮವಾದದ್ದು 'ಗೋ'ದ ಸ್ವರಚಿಹ್ನೆ. ಅದನ್ನು ಒಂದೇ ಸಂಕೇತವಾಗಿ ಬರೆಯಬಹುದು, ಮೂರು ತುಂಡಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಬೈಟ್ ಮಾತ್ರ 24 ಮತ್ತು 30. ಕಳಿಸಿದವನ ರೂಪವನ್ನು ದಾರಿಯಲ್ಲಿ ಯಾವುದಾದರೂ ತಂತ್ರಾಂಶ ಬದಲಿಸಿದರೆ ರುಜು ತಾಳೆಯಾಗುವುದಿಲ್ಲ. ರುಜು ಹಾಕುವ ಮೊದಲು ಒಂದೇ ರೂಪಕ್ಕೆ ತರಬೇಕು, ಆಮೇಲೆ ಬೈಟ್ ಮುಟ್ಟಬಾರದು.

ಸ್ವಂತ ಸಂಕೇತ ಕಟ್ಟುತ್ತೇವೆಂದು ಹೊರಡುವ ಹುಡುಗರಿಗೆ ನಾವು ಬೇಡವೆನ್ನುತ್ತೇವೆ. ಪರಿಣತರು ಬರೆದ ಓಪನ್ಎಸ್ಎಸ್ಎಲ್‌ನಲ್ಲೇ ಒಂದು ಉದ್ದವನ್ನು ಪರೀಕ್ಷಿಸದ ತಪ್ಪು 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ಹೆಸರಿನಲ್ಲಿ ಬಯಲಾಯಿತು. ಟೆಟ್ರಾ ರೇಡಿಯೋಗಳ ಟಿಇಎ1 ಸಂಕೇತದ ರಚನೆಯನ್ನು ದಶಕಗಳ ಕಾಲ ಗುಟ್ಟಾಗಿಟ್ಟಿದ್ದರು; 80 ಬಿಟ್ಟಿನ ಕೀಲಿ ಒಳಗೆ 32 ಬಿಟ್ಟಿಗೆ ಕುಗ್ಗುತ್ತದೆಂದು ಡಚ್ ಸಂಶೋಧಕರು 2023ರಲ್ಲಿ ತೋರಿಸಿದರು. ಎಲ್ಲರೂ ನೋಡಿ ಪರೀಕ್ಷಿಸಿದ ಸಿದ್ಧ ಲೈಬ್ರರಿ ಬಳಸಲಿ. ಒಳಗಿನ ಬೈಟುಗಳನ್ನು ಎಣಿಸಲು ಮಾತ್ರ ಕೈಯಾರೆ ಕಲಿಯಲಿ.

ಕನ್ನಡದಲ್ಲಿ ಪ್ಯಾಕೆಟ್ ಕಳಿಸುವುದೇ ಸಂಕೇತಭಾಷೆಯಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕನ್ನಡ ಕೋಟ್ಯಂತರ ಜನ ಓದುವ ಭಾಷೆ, ಯುಟಿಎಫ್-8 ಎಲ್ಲರಿಗೂ ತೆರೆದ ಪಟ್ಟಿ. ಮರೆಮಾಚುವ ಉದ್ದೇಶ ಅಲ್ಲಿ ಎಲ್ಲಿದೆ? ಗಡಿಯಾಚೆಯ ನಮ್ಮ ಶಾಲೆಗಳಲ್ಲಿ ಈ ಪಾಠ ಶುರುಮಾಡುವ ಅಧ್ಯಾಪಕರು ಮೊದಲ ದಿನ ಮಕ್ಕಳಿಂದ ಅವರವರ ಹೆಸರನ್ನು ಕನ್ನಡದಲ್ಲಿ ಬರೆಸಿ, ಬೈಟ್ ಎಣಿಸಲು ಹೇಳಲಿ.