ಹಿಮವೂ ಬೇಕು, ಹುಲ್ಲೂ ಬೇಕು

ನಮ್ಮ ಮನೆಯ ಊಟದ ಮೇಜಿನ ಮೇಲೆ ಒಂದು ತಿಂಗಳಿನಿಂದ ಜಪಾನಿನ ನಕ್ಷೆ ಹರಡಿಕೊಂಡಿದೆ. ಅದರ ಒಂದು ಮೂಲೆಗೆ ಸಾರಿನ ಕಲೆಯೂ ಬಿದ್ದಾಗಿದೆ.

ಸಂಗತಿ ಇಷ್ಟು. ಟೋಕಿಯೋದಲ್ಲಿ ಕೆಲಸದಲ್ಲಿರುವ ಮಗಳು ಫೋನಿನಲ್ಲಿ, "ಅಪ್ಪಾ, ನಿಮಗೆ ಎಪ್ಪತ್ತು ತುಂಬುತ್ತೆ. ಈ ಸಲ ನೀವೆಲ್ಲ ಇಲ್ಲಿಗೇ ಬನ್ನಿ. ಹಕುಬಾ ಕಣಿವೆಗೆ ಹೋಗೋಣ. ಯಾರ್‍ಯಾರಿಗೆ ಏನೇನು ಬೇಕೋ ಈಗಲೇ ಹೇಳಿಬಿಡಿ" ಎಂದಳು.

ಆರನೇ ಕ್ಲಾಸಿನ ಮೊಮ್ಮಗ ಪ್ರಣವ "ಸ್ಕೀ!" ಎಂದು ಕೂಗಿದ. ನಾನು ಮೆಲ್ಲಗೆ "ಗಾಲ್ಫ್" ಎಂದೆ. ನನ್ನಾಕೆ "ನನಗೆ ಚಳಿ ಮಾತ್ರ ಬೇಡಪ್ಪಾ" ಎಂದು ಅಡುಗೆಮನೆಯಿಂದಲೇ ಹೇಳಿದಳು.

ನನಗೇಕೆ ಗಾಲ್ಫ್ ಹುಚ್ಚು ಎನ್ನುತ್ತೀರಾ? ಬೆಂಗಳೂರಿನಲ್ಲಿ 1876ರಿಂದಲೂ ಗಾಲ್ಫ್ ಆಡುತ್ತಿದ್ದಾರೆ. ನಾನು ಹುಡುಗನಾಗಿದ್ದಾಗ ರಜೆಯಲ್ಲಿ ಅಲ್ಲಿ ಆಟಗಾರರ ಕೋಲಿನ ಚೀಲ ಹೊತ್ತು ಹಿಂದೆ ಹಿಂದೆ ನಡೆಯುತ್ತಿದ್ದೆ. ಸಿಕ್ಕ ಚಿಲ್ಲರೆಯಲ್ಲಿ ನೋಟ್‌ಬುಕ್ ಕೊಳ್ಳುತ್ತಿದ್ದೆ. ಚೆಂಡು ಎಲ್ಲಿ ಬಿತ್ತೆಂದು ನೋಡಿ ಹೇಳುವುದು ನನ್ನ ಕೆಲಸ. ಹೊಡೆಯುವುದು ಬೇರೆಯವರ ಕೆಲಸ. ಒಂದೇ ಒಂದು ಸಲ ನಾನೂ ಹೊಡೆಯಬೇಕು ಅನ್ನುವ ಆಸೆ ಅಲ್ಲೇ ಉಳಿದುಬಿಟ್ಟಿತು.

ಈಗ ಭೂಗೋಳದ ಪಾಠಕ್ಕೆ ಬನ್ನಿ. ಹಕುಬಾ ಇರುವುದು ಜಪಾನಿನ ನಾಗಾನೋ ಪ್ರಾಂತ್ಯದಲ್ಲಿ. ಟೋಕಿಯೋದಿಂದ ನಾಗಾನೋ ನಗರಕ್ಕೆ ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಅಲ್ಲಿಂದ ಬಸ್ಸಿನಲ್ಲಿ ಇನ್ನೊಂದು ಗಂಟೆಯ ಮೇಲಾಗುತ್ತದೆ. ಊರು ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ. ಪಕ್ಕದಲ್ಲೇ ಗೋಡೆಯ ಹಾಗೆ ನಿಂತಿರುವ ಶಿರೋಉಮಾ ಶಿಖರದ ಎತ್ತರ 2,932 ಮೀಟರ್.

ಚಳಿಗಾಲದಲ್ಲಿ ಸೈಬೀರಿಯಾದಿಂದ ಒಣಗಾಳಿ ಹೊರಡುತ್ತದೆ. ಜಪಾನ್ ಸಮುದ್ರ ದಾಟುವಾಗ ನೀರಿನ ಆವಿಯನ್ನು ಹೀರಿಕೊಳ್ಳುತ್ತದೆ. ಬೆಟ್ಟ ಅಡ್ಡ ಬಂದಾಗ ಮೇಲೇರಿ, ತಣಿದು, ಹಿಮವಾಗಿ ಸುರಿಯುತ್ತದೆ. ಅರಬ್ಬೀ ಸಮುದ್ರದ ಗಾಳಿ ಆಗುಂಬೆಯ ಘಟ್ಟ ಹತ್ತುವಾಗ ಮಳೆ ಸುರಿಸುವುದಿಲ್ಲವೇ? ಲೆಕ್ಕ ಒಂದೇ. ಇಲ್ಲಿ ನೀರು, ಅಲ್ಲಿ ಹಿಮ.

ಮೊದಲು ನಾವು ಜನವರಿ ಎಂದು ಗುರುತು ಹಾಕಿದೆವು. ಪ್ರಣವನಿಗೆ ಮೊಣಕಾಲುದ್ದ ಹಿಮ ಸಿಗುವ ಕಾಲ. ಮಗಳನ್ನು ಕೇಳಿದೆ, "ಗಾಲ್ಫ್ ಮೈದಾನ ಎಲ್ಲಿದೆಯಮ್ಮಾ?" ಅವಳು ನಕ್ಕಳು. "ಇದೆ ಅಪ್ಪಾ, ಹಿಮದ ಕೆಳಗಿದೆ!"

ಹಾಗಾದರೆ ಬೇಸಿಗೆಗೆ ಹೋಗೋಣವೆಂದರೆ ಹುಲ್ಲು ಹಸಿರಾಗಿರುತ್ತದೆ, ಹಿಮ ಕರಗಿರುತ್ತದೆ. ಪ್ರಣವನ ಮುಖ ಸಪ್ಪಗಾಯಿತು. "ತಾತ, ನಿನ್ನ ಆಟಾನೇ ಇಟ್ಕೋ" ಎಂದು ಎದ್ದು ಹೋದ.

ಅವನು ಎದ್ದು ಹೋದದ್ದು ನನಗೆ ಚುಚ್ಚಿತು. ಕಾರಣ ಇದೆ. ದಸರಾ ರಜೆಗೆ ಮುಂಚೆ ಶಾಲೆಯ ರಿಲೇ ಓಟದಲ್ಲಿ ಅವನ ಕೈಯಿಂದ ಬ್ಯಾಟನ್ ಜಾರಿತು. ಮುಂದಿದ್ದ ತಂಡ ಕೊನೆಗೆ ಬಂತು. ಗೆಳೆಯರು ಎರಡು ದಿನ ಮಾತಾಡಿಸಲಿಲ್ಲ. ಅವತ್ತಿನಿಂದ ಹುಡುಗ ಮೈದಾನದ ಕಡೆ ತಲೆ ಹಾಕಿಲ್ಲ. ಸ್ಕೀ ಯಾಕೆ ಬೇಕೋ ಎಂದು ಒಮ್ಮೆ ಕೇಳಿದ್ದಕ್ಕೆ, "ಅಲ್ಲಿ ನಾನು ಯಾರಿಗೂ ಗೊತ್ತಿಲ್ಲ ತಾತ. ಬಿದ್ರೂ ಯಾರೂ ಬೈಯಲ್ಲ" ಎಂದಿದ್ದ. ಹನ್ನೊಂದು ವರ್ಷದ ಮಗು ಆಡುವ ಮಾತೇ ಅದು?

ಗಂಟು ಬಿಚ್ಚಿದವಳು ಬೆಟ್ಟದ ಹೆಸರಿನ ಕಥೆ ಕೇಳಿದ ನನ್ನಾಕೆ. ವಸಂತದಲ್ಲಿ ಶಿರೋಉಮಾ ಬೆಟ್ಟದ ಹಿಮ ಅಲ್ಲಲ್ಲಿ ಕರಗಿ ಕಪ್ಪು ಬಂಡೆ ಕಾಣಿಸಿಕೊಳ್ಳುತ್ತದೆ. ಕೆಳಗಿನಿಂದ ನೋಡಿದರೆ ಅದು ಕುದುರೆಯಂತೆ ತೋರುತ್ತದೆ. ಹಿಂದಿನವರು ಆ ಕುದುರೆ ಕಂಡಾಗ ಭತ್ತದ ಗದ್ದೆಯನ್ನು ಕೆಸರು ಮಾಡಲು ಇಳಿಯುತ್ತಿದ್ದರು. ಬೆಟ್ಟದ ಹೆಸರು ಆ ಗದ್ದೆಯ ಕುದುರೆಯಿಂದಲೇ ಬಂತೆಂದು ಹೇಳುತ್ತಾರೆ. ಈಗ ಬರೆಯುವುದು 'ಬಿಳಿಯ ಕುದುರೆ' ಎನ್ನುವ ಅಕ್ಷರಗಳಲ್ಲಿ. ಊರಿನ ಹೆಸರು ಹಕುಬಾ ಎನ್ನುವುದೂ ಅವೇ ಅಕ್ಷರಗಳು.

ರೈತರ ಮನೆಯ ಮಗಳು ಇವಳು. ಕೇಳಿದವಳೇ, "ರೀ, ಬೆಟ್ಟದ ಮೇಲೆ ಹಿಮ, ಕೆಳಗೆ ಗದ್ದೆಗೆ ನೀರು. ಅಂದರೆ ಎರಡೂ ಒಟ್ಟಿಗೆ ಇರುವ ಕಾಲ ಒಂದಿದೆ ಅಂತಾಯ್ತಲ್ಲ?" ಎಂದಳು.

ಹೌದಲ್ಲ! ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಹಕುಬಾದ ಎತ್ತರದ ಇಳಿಜಾರುಗಳಲ್ಲಿ ಸ್ಕೀ ನಡೆಯುತ್ತಿರುತ್ತದೆ. ಅಷ್ಟರಲ್ಲಿ ಕಣಿವೆಯ ಗಾಲ್ಫ್ ಮೈದಾನಗಳೂ ತೆರೆದಿರುತ್ತವೆ. ನಮ್ಮ ಶಾಲೆಗಳಿಗೂ ಆಗ ಬೇಸಿಗೆ ರಜೆ. ಜಪಾನಿನಲ್ಲಿ ಆ ದಿನಗಳಿಗೆ ಗೋಲ್ಡನ್ ವೀಕ್ ಎನ್ನುತ್ತಾರೆ. ಸಾಲುಸಾಲು ರಜೆಗಳ ಕೊನೆಗೆ ಮೇ 5ರಂದು ಮಕ್ಕಳ ದಿನ, ಎಲ್ಲೆಲ್ಲೂ ಬಟ್ಟೆಯ ಮೀನುಗಳು ಗಾಳಿಯಲ್ಲಿ ಹಾರಾಡುತ್ತವೆ. ಜನಜಂಗುಳಿ ಇರುವುದರಿಂದ ರೈಲು, ಕೊಠಡಿ ಎರಡನ್ನೂ ಮುಂಚೆಯೇ ಕಾಯ್ದಿರಿಸಬೇಕು.

ಎಲ್ಲರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟೆವು. ವಸಂತದ ಹಿಮ ಮಧ್ಯಾಹ್ನಕ್ಕೆ ನೆನೆದ ಅವಲಕ್ಕಿಯಂತಾಗುತ್ತದೆ. ಆದ್ದರಿಂದ ಪ್ರಣವನಿಗೆ ಬೆಳಗ್ಗೆ ಮಾತ್ರ ಸ್ಕೀ, ಅದೂ ಕಲಿಸುವವರ ಜೊತೆ, ಹೆಲ್ಮೆಟ್ ಹಾಕಿಕೊಂಡು. ಡಾಕ್ಟರು ನನ್ನ ಮಂಡಿ ನೋಡಿ, "ಸ್ಕೀ ಬೇಡವೇ ಬೇಡ. ಗಾಲ್ಫಿಗೆ ನಿಧಾನವಾಗಿ ನಡೆಯಿರಿ" ಎಂದರು. ಹಾಗಾಗಿ 18 ಕುಳಿಗಳ ಆಟದಲ್ಲಿ ನನಗೆ ಒಂಬತ್ತೇ ಸಾಕು. ನನ್ನಾಕೆ ಬಿಸಿನೀರಿನ ಬುಗ್ಗೆಯ ಸ್ನಾನಕ್ಕೆ ಮೊದಲು ಹಿಗ್ಗಿದಳು. ಗಂಡಸರಿಗೂ ಹೆಂಗಸರಿಗೂ ಬೇರೆಬೇರೆ ಜಾಗವಿದ್ದರೂ ಬಟ್ಟೆ ಕಳಚಿಟ್ಟೇ ಇಳಿಯಬೇಕೆಂದು ಕೇಳಿ "ಶಿವಶಿವಾ!" ಎಂದಳು. ಬರೀ ಪಾದ ನೆನೆಸುವ ತೊಟ್ಟಿಗಳೂ ಇವೆ, ಅವಳಿಗೆ ಅದೇ. ಅಲ್ಲಿನ ಸೋಬಾ ಶಾವಿಗೆ ಹೆಸರುವಾಸಿ. ಆದರೆ ಅದರ ಸಾರಿಗೆ ಸಾಮಾನ್ಯವಾಗಿ ಒಣಮೀನಿನ ರಸ ಹಾಕುತ್ತಾರಂತೆ. ಸಸ್ಯಾಹಾರಿಗಳು ಕೇಳಿಯೇ ತಿನ್ನಬೇಕು. ನಮ್ಮ ಪೆಟ್ಟಿಗೆಯಲ್ಲಿ ಪುಳಿಯೋಗರೆ ಗೊಜ್ಜಿಗೆ ಜಾಗ ಆಗಲೇ ನಿಗದಿಯಾಗಿದೆ.

ಇನ್ನೊಂದು ಜಾಗವನ್ನು ನಾನೇ ಪಟ್ಟಿಗೆ ಸೇರಿಸಿದೆ. ಅದು ಹಕುಬಾದ ಸ್ಕೀ ಜಿಗಿತದ ಕ್ರೀಡಾಂಗಣ. 1998ರ ಚಳಿಗಾಲದ ಒಲಿಂಪಿಕ್ಸ್ ನಡೆದದ್ದು ನಾಗಾನೋದಲ್ಲಿ. ಭಾರತದಿಂದ ಹೋಗಿದ್ದವನು ಒಬ್ಬನೇ, ಹದಿನಾರು ವರ್ಷದ ಶಿವ ಕೇಶವನ್. ಮಂಜಿನ ಕಾಲುವೆಯಲ್ಲಿ ಜಾರುಬಂಡಿಯ ಮೇಲೆ ಮಲಗಿ ಧಾವಿಸುವ ಲೂಜ್ ಅವನ ಆಟ. ಆದರೆ ಪ್ರಣವನಿಗೆ ನಾನು ಹೇಳಿದ್ದು ಮಸಾಹಿಕೋ ಹರಾದಾ ಅವರ ಕಥೆ.

1994ರ ಒಲಿಂಪಿಕ್ಸ್‌ನಲ್ಲಿ ಜಪಾನ್ ತಂಡಕ್ಕೆ ಚಿನ್ನ ಕೈಗೆ ಬಂದಂತೆಯೇ ಇತ್ತು. ಕೊನೆಯ ಜಿಗಿತ ಹರಾದಾ ಅವರದು. 97.5 ಮೀಟರಿಗೇ ನೆಲ ಮುಟ್ಟಿದರು. ಚಿನ್ನ ಹೋಗಿ ಬೆಳ್ಳಿ ಬಂತು. ನಾಲ್ಕು ವರ್ಷದ ಮೇಲೆ ಹಕುಬಾದಲ್ಲಿ, ಸ್ವಂತ ನಾಡಿನವರ ಎದುರು, ದಟ್ಟ ಹಿಮ ಬೀಳುವಾಗ ಮೊದಲ ಸುತ್ತಿನಲ್ಲಿ ಜಿಗಿದರು. ಬರೀ 79.5 ಮೀಟರ್! ಜಪಾನ್ ನಾಲ್ಕನೇ ಸ್ಥಾನಕ್ಕೆ ಕುಸಿಯಿತು. ಹಿಮಗಾಳಿಗೆ ಆಟವೇ ನಿಂತಿತು. ಆಗ 25 ಮಂದಿ ಪರೀಕ್ಷಾ ಜಿಗಿತಗಾರರು ಒಬ್ಬರಾದ ಮೇಲೊಬ್ಬರು ಜಿಗಿದು, ಜಿಗಿಯಬಹುದು ಎಂದು ತೋರಿಸಿಕೊಟ್ಟರು. ಎರಡನೇ ಸುತ್ತು ನಡೆಯಿತು. ಹರಾದಾ 137 ಮೀಟರ್ ಹಾರಿದರು. ಚಿನ್ನ ಜಪಾನಿನದಾಯಿತು.

ಪ್ರಣವ ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, "ಮಧ್ಯೆ ನಾಲ್ಕು ವರ್ಷ ಅವರು ಏನು ಮಾಡ್ತಿದ್ರು ತಾತ?"

"ಜಿಗೀತಾನೇ ಇದ್ರು ಮಗಾ."

"ಅವರ ತಂಡದವರು ಮಾತಾಡಿಸ್ತಿದ್ರಾ?"

"ಅದು ನನಗೆ ಗೊತ್ತಿಲ್ಲ. ತಂಡದಲ್ಲಿ ಮತ್ತೆ ಸೇರಿಸಿಕೊಂಡಿದ್ದರಲ್ಲ, ಅಷ್ಟು ಗೊತ್ತು."

ಆ ಕ್ರೀಡಾಂಗಣದಲ್ಲಿ ಜಿಗಿತಗಾರರು ಹೊರಡುವ ತುದಿಯವರೆಗೆ ಪ್ರವಾಸಿಗಳೂ ಹತ್ತಬಹುದು. ಅಲ್ಲಿ ನಿಂತು ಕೆಳಗೆ ನೋಡೋಣ ಎಂದು ಮಾತಾಗಿದೆ. ನನ್ನ ಕಾಲು ನಡುಗಿದರೆ ಪ್ರಣವ ಕೈ ಹಿಡಿದುಕೊಳ್ಳುತ್ತಾನಂತೆ.

ನಿನ್ನೆ ಸಂಜೆ ತಾರಸಿಯ ಮೇಲೆ ಹಳೆಯ ಛತ್ರಿಯನ್ನು ತಿರುಗಿಸಿ ಹಿಡಿದು, ಪ್ಲಾಸ್ಟಿಕ್ ಚೆಂಡಿಗೆ ಹೊಡೆಯಲು ಹೋದೆ. ಚೆಂಡು ಕದಲಲಿಲ್ಲ, ಹೂಕುಂಡ ಒಡೆಯಿತು. ನನ್ನಾಕೆ ಬೈಯುತ್ತಾ ಮೇಲೆ ಬಂದಳು. ಅವಳ ಮಾತಿನ ನಡುವೆ ಕೆಳಗೆ ಗೇಟು ತೆಗೆದ ಸದ್ದಾಯಿತು. ಬಗ್ಗಿ ನೋಡಿದರೆ ಪ್ರಣವ ಬೂಟು ಹಾಕಿಕೊಂಡು ಮೈದಾನದ ಕಡೆ ಹೊರಟಿದ್ದ.

ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಅವನ ಅಜ್ಜಿಯೂ ಬೈಯುವುದನ್ನು ನಿಲ್ಲಿಸಿದಳು.

ನಿಮ್ಮ ಮನೆಯ ಪ್ರವಾಸದಲ್ಲಿ ಯಾರು ಯಾರಿಗಾಗಿ ಏನು ಬಿಟ್ಟುಕೊಟ್ಟರು? ಅಜ್ಜ-ಅಜ್ಜಿ ಹೇಳಲಿ, ಮಕ್ಕಳು ಬರೆದು ಕಳಿಸಲಿ. ಮುಂದಿನ ವಾರ ಸಿಗೋಣ.